ಚೀಲದ ಮೇಲಿನ ತಾರೀಖು, ಮೊಟ್ಟೆಯೊಳಗಿನ ಕಣ್ಣು: ಮನೆಯಲ್ಲಿ ಕಿಲ್ಲಿಫಿಶ್ ಮರಿ ಮಾಡಿಸಿದ ಒಂದು ಪ್ರಕರಣ

ಇದು ಮೈಸೂರು ಕಡೆಯ ಒಂದು ಪಟ್ಟಣದ ಮನೆಯಲ್ಲಿ ನಡೆದದ್ದು. ಮನೆಯವರ ಗುರುತು ಸಿಗಬಾರದು ಎಂದು ಊರಿನ ಹೆಸರನ್ನೂ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ. ಮೀನು ಸಾಕಿದವರು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು. ಇಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಪಿಯುಸಿ ಓದುತ್ತಿದ್ದ ಮಗಳು ಅವರ ಜೊತೆಗಾತಿ. ನಾನೂ ಕಿಲ್ಲಿಫಿಶ್ ಎಂಬ ಪುಟ್ಟ ಬಣ್ಣದ ಮೀನು ಸಾಕುವವನಾದ್ದರಿಂದ, ಏನಾದರೂ ಕೆಟ್ಟಾಗ ಅವರ ಫೋನ್ ನನಗೆ ಬರುತ್ತಿತ್ತು. ಮಗಳು ಬರೆದಿಟ್ಟ ನೋಟ್‌ಬುಕ್ಕನ್ನು ನನಗೆ ಕೊಟ್ಟು, ಬೇರೆಯವರಿಗೆ ಉಪಯೋಗವಾಗುವುದಾದರೆ ಬರೆಯಿರಿ ಎಂದರು.

ಖಂಡಿತ ಉಪಯೋಗವಾಗುತ್ತದೆ. ನಮ್ಮ ಕಡೆ ವಾರ್ಷಿಕ ಕಿಲ್ಲಿ, ಅಂದರೆ ಒಂದು ವರ್ಷದಷ್ಟೇ ಬದುಕುವ ಕಿಲ್ಲಿಫಿಶ್, ಸಾಕಲು ಶುರು ಮಾಡಿದವರಲ್ಲಿ ಬಹಳ ಮಂದಿ ಇದೇ ಜಾಗದಲ್ಲಿ ಸೋತು ಕೈಬಿಡುತ್ತಾರೆ. ಮೀನು ಚೆನ್ನಾಗಿರುತ್ತದೆ, ಮೊಟ್ಟೆಯೂ ಸಿಗುತ್ತದೆ. ಮರಿ ಮಾತ್ರ ಏಳುವುದಿಲ್ಲ.

ಹಿನ್ನೆಲೆ

ಮೇಷ್ಟ್ರಿಗೆ ಕಿಲ್ಲಿಫಿಶ್ ಹೊಸದೇನಲ್ಲ. ಅಂಗಡಿಗಳಲ್ಲಿ ಗೋಲ್ಡನ್ ವಂಡರ್ ಎಂದು ಮಾರುವ ಹಳದಿ ಮೀನನ್ನು ಅವರು ಎರಡು ವರ್ಷ ಸಾಕಿದ್ದರು, ಮರಿಯನ್ನೂ ಮಾಡಿಸಿದ್ದರು. ಅದು ನಮ್ಮದೇ ಮೀನಿನ ಬಣ್ಣದ ತಳಿ. ಮೂಲ ರೂಪ ಅಪ್ಲೋಕೀಲಸ್ ಲೀನಿಯೇಟಸ್, ಪಶ್ಚಿಮ ಘಟ್ಟದ ಆಚೀಚೆಯ ಹಳ್ಳ, ಗದ್ದೆ ಕಾಲುವೆ, ಕೆರೆಗಳಲ್ಲಿ ಇದೆ. ನೀರಿನ ಮೇಲ್ಮೈಗೆ ಅಂಟಿದಂತೆ ನಿಲ್ಲುತ್ತದೆ, ತಲೆಯ ಮೇಲೊಂದು ಚುಕ್ಕೆ ಹೊಳೆಯುತ್ತದೆ, ಸೊಳ್ಳೆ ಮರಿಯನ್ನು ಗಬಕ್ಕನೆ ತಿನ್ನುತ್ತದೆ. ಸೊಳ್ಳೆ ಕಾಟಕ್ಕೆಂದು 1928ರಲ್ಲಿ ಗಂಬೂಸಿಯಾ ಮೀನನ್ನು ಇಟಲಿಯಿಂದ ಭಾರತಕ್ಕೆ ತಂದರು. ಆ ಕೆಲಸ ಮಾಡಬಲ್ಲ ಮೀನು ನಮ್ಮ ಗದ್ದೆಯಲ್ಲೇ ಇತ್ತಲ್ಲ ಎಂದು ನನಗೆ ಈಗಲೂ ಬೇಸರ.

ಗೋಲ್ಡನ್ ವಂಡರ್ ಗಿಡದ ಬೇರಿಗೋ ಉಣ್ಣೆ ದಾರದ ಗೊಂಚಲಿಗೋ ಮೊಟ್ಟೆ ಅಂಟಿಸುತ್ತದೆ. ಎರಡು ವಾರದೊಳಗೆ ನೀರಲ್ಲೇ ಮರಿ ಬರುತ್ತದೆ. ದಾರದಿಂದ ಮೊಟ್ಟೆ ಬಿಡಿಸಿ ಬೇರೆ ಡಬ್ಬಿಗೆ ಹಾಕಿದರೆ ಮುಗಿಯಿತು. ಮೇಷ್ಟ್ರ ಕೈಗೆ ಕೂತಿದ್ದು ಈ ಕ್ರಮ.

ಆಮೇಲೆ ಒಬ್ಬ ಹವ್ಯಾಸಿ ಅವರಿಗೆ ನೋಥೋಬ್ರಾಂಕಿಯಸ್ ಗುಂತೇರಿ ಜಾತಿಯ ಎಳೆ ಮೀನುಗಳನ್ನು ಕೊಟ್ಟರು. ಎರಡು ಗಂಡು, ಐದು ಹೆಣ್ಣು. ಈ ಮೀನು ಟಾಂಜಾನಿಯಾದ ಜಾಂಜಿಬಾರ್‌ನ ಉಂಗುಜಾ ದ್ವೀಪದ್ದು. ಗಂಡು ಐದು ಸೆಂಟಿಮೀಟರಿನಷ್ಟು. ಮೈಗೆ ಹಸಿರು ನೀಲಿ, ಅದರ ಮೇಲೆ ಕೆಂಪು ಬಲೆ, ಬಾಲ ಅಚ್ಚ ಕೆಂಪು, ಬಾಲದ ಅಂಚಿಗೆ ಕಪ್ಪು. ಹೆಣ್ಣು ಬೂದು ಕಂದು, ನೋಡಲು ಸಾದಾ.

ಇವು ಇರುವುದು ಮಳೆಗಾಲದ ಗುಂಡಿಗಳಲ್ಲಿ. ಜಾಂಜಿಬಾರ್‌ನಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮಳೆ ನಿಂತರೆ ಗುಂಡಿ ಒಣಗುತ್ತದೆ, ದೊಡ್ಡ ಮೀನುಗಳೆಲ್ಲ ಸಾಯುತ್ತವೆ. ಕೆಸರಿನಲ್ಲಿ ಮೊಟ್ಟೆ ಮಾತ್ರ ಉಳಿಯುತ್ತದೆ. ಮುಂದಿನ ಮಳೆಗೆ ಒಡೆದು, ಕೆಲವೇ ವಾರಗಳಲ್ಲಿ ಬೆಳೆದು, ಮತ್ತೆ ಮೊಟ್ಟೆ ಇಡುತ್ತದೆ. ತೊಟ್ಟಿಯಲ್ಲಿ ಚೆನ್ನಾಗಿ ಸಾಕಿದರೂ ಬದುಕು ಹೆಚ್ಚುಕಮ್ಮಿ ಒಂದು ವರ್ಷ. ಹಾಗಾಗಿ ಮರಿ ಮಾಡಿಸದಿದ್ದರೆ ವರ್ಷ ಕಳೆಯುವುದರೊಳಗೆ ತೊಟ್ಟಿ ಖಾಲಿ. ಈ ಮೀನು ಸಾಕುವುದು ಎಂದರೆ ಮೊಟ್ಟೆ ಸಾಕುವುದೇ.

ಮೇಷ್ಟ್ರ ಮನೆ ನೀರು ಬೋರ್‌ವೆಲ್‌ದು, ಗಡಸು. ಅದು ಈ ಮೀನಿಗೆ ತೊಂದರೆಯಲ್ಲ. ಗಬಾನ್ ಕಾಡಿನ ಅಫಿಯೋಸೆಮಿಯಾನ್ ಆಸ್ಟ್ರೇಲಿಯಂತಹ ಕಿಲ್ಲಿಗೆ ಮೆದು ನೀರು, 24 ಡಿಗ್ರಿ ಮೀರದ ತಂಪು ಬೇಕು. ಬಯಲುಸೀಮೆಯಲ್ಲಿ ಅದಕ್ಕೆ ಮಳೆ ನೀರು ಹಿಡಿದಿಟ್ಟು ಒದ್ದಾಡಬೇಕು. ಮಲೆನಾಡಿನವರು ಬೇಕಾದರೆ ಅದನ್ನು ಸಾಕಲಿ, ಬಯಲು ಕಡೆಯವರು ನೋಥೋದಿಂದ (ನೋಥೋಬ್ರಾಂಕಿಯಸ್‌ಗೆ ನಾವು ಕರೆಯುವ ಹೆಸರು) ಶುರು ಮಾಡಲಿ ಎನ್ನುವುದು ನನ್ನ ಅಭಿಪ್ರಾಯ.

ತೊಟ್ಟಿ ಎರಡು ಅಡಿ ಉದ್ದದ್ದು. ಸ್ಪಾಂಜ್ ಫಿಲ್ಟರ್, ಒಂದಿಷ್ಟು ಜಾವಾ ಮಾಸ್ ಎಂಬ ನೀರುಗಿಡ, ಮೇಲೆ ಗಟ್ಟಿ ಮುಚ್ಚಳ. ಕಿಲ್ಲಿಗಳು ಹಾರುತ್ತವೆ, ಮುಚ್ಚಳ ಇಲ್ಲದೆ ಇಡಲೇಬಾರದು.

ಮೊಟ್ಟೆ ಸಿಕ್ಕಿತು

ಮೊದಲು ಅಭ್ಯಾಸಬಲದಿಂದ ದಾರದ ಗೊಂಚಲನ್ನೇ ಇಳಿಬಿಟ್ಟರು. ಒಂದೂ ಮೊಟ್ಟೆ ಇಲ್ಲ. ಈ ಜಾತಿ ತಳದಲ್ಲಿ ಹೂತಿಡುವುದು. ಗಂಡು ಹೆಣ್ಣಿನ ಪಕ್ಕ ಒತ್ತಿ ನಿಂತು, ಬೆನ್ನಿನ ರೆಕ್ಕೆಯನ್ನು ಅವಳ ಮೇಲೆ ಮಡಚಿ, ಇಬ್ಬರೂ ಒಮ್ಮೆ ನಡುಗುತ್ತಾರೆ. ಸಲಕ್ಕೆ ಒಂದು ಮೊಟ್ಟೆ ಕೆಸರಿಗೆ ಇಳಿಯುತ್ತದೆ.

ಹೊರದೇಶದವರು ಇದಕ್ಕೆ ಪೀಟ್ ಮಾಸ್ (ಜೌಗು ನೆಲದ ಒಣ ಪಾಚಿಪುಡಿ) ಬಳಸುತ್ತಾರೆ. ನಮ್ಮಲ್ಲಿ ಅದು ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ತೆಂಗಿನ ನಾಡಿನಲ್ಲಿದ್ದು ಅದಕ್ಕೆ ಯಾಕೆ ಪರದಾಡಬೇಕು, ಅಲ್ವಾ? ಕೈತೋಟಕ್ಕೆ ಮಾರುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯೇ ಸಾಕು. ಗೊಬ್ಬರ ಬೆರೆಸದ್ದಾಗಿರಬೇಕು, ಅಷ್ಟೇ. ಮೇಷ್ಟ್ರು ಅದನ್ನು ನೀರಿನ ಬಣ್ಣ ತಿಳಿಯಾಗುವವರೆಗೆ ಮತ್ತೆ ಮತ್ತೆ ಕುದಿಸಿ ಚೆಲ್ಲಿದರು. ಅದರಲ್ಲಿರುವ ಉಪ್ಪೂ ಚೊಗರೂ ಹಾಗೇ ಹೋಗುತ್ತದೆ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳಕ್ಕೆ ದೊಡ್ಡ ತೂತು ಕೊರೆದು, ಒಳಗೆ ಎರಡು ಬೆರಳು ದಪ್ಪಕ್ಕೆ ಕೋಕೋಪೀಟ್ ಹಾಕಿ, ಮುಳುಗಲೆಂದು ಒಂದು ಕಲ್ಲಿಟ್ಟು ತಳದಲ್ಲಿ ಕೂರಿಸಿದರು. ಮೀನುಗಳು ಅವತ್ತೇ ಒಳಗೆ ಹೋದವು.

ವಾರಕ್ಕೊಮ್ಮೆ ಡಬ್ಬಿ ತೆಗೆದು, ಸೋಸಿ, ಹಿಂಡಿ, ಹಳೆ ಪತ್ರಿಕೆಯ ಮೇಲೆ ಹರಡಿ, ಜಿಪ್ ಕವರಿಗೆ ತುಂಬುವುದು. ಎಷ್ಟು ತೇವ ಇರಬೇಕು ಎನ್ನುವುದು ಎಲ್ಲರ ಪ್ರಶ್ನೆ. ಒಗ್ಗರಣೆಗೆಂದು ನೆನೆಸಿ ಹಿಂಡಿಟ್ಟ ಅವಲಕ್ಕಿಯಷ್ಟು ಎಂದು ಮಗಳು ಬರೆದುಕೊಂಡಿದ್ದಾಳೆ, ನಾನೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಮುಷ್ಟಿಯಲ್ಲಿ ಒತ್ತಿದರೆ ಹನಿ ಬೀಳಬಾರದು, ಬಿಟ್ಟರೆ ಪುಡಿಪುಡಿಯಾಗಿ ಉದುರಬೇಕು.

ಮೊಟ್ಟೆ ಒಂದು ಮಿಲಿಮೀಟರಿನಷ್ಟು, ಜೇನು ಬಣ್ಣದ್ದು, ಗಟ್ಟಿ. ಬೆರಳಲ್ಲಿ ಮೆಲ್ಲಗೆ ಒತ್ತಿದರೂ ಒಡೆಯುವುದಿಲ್ಲ. ಬಿಳಿ ಬೂಸ್ಟು ಹಿಡಿದದ್ದು ಸತ್ತದ್ದು. ಮೊದಲ ಚೀಲದಲ್ಲೇ 50ಕ್ಕಿಂತ ಹೆಚ್ಚು ಒಳ್ಳೆಯ ಮೊಟ್ಟೆ ಎಣಿಸಿದರು. ಅದು ನವೆಂಬರ್ ಮಧ್ಯ. 12 ವಾರ ಹೀಗೆ ತೇವದಲ್ಲಿಟ್ಟು, ಆಮೇಲೆ ನೀರು ಹಾಕಿದರೆ ಮರಿ ಬರುತ್ತದೆ ಎಂದು ಮೀನು ಕೊಟ್ಟವರು ಹೇಳಿದ್ದರು. ಚೀಲದ ಮೇಲೆ ಜಾತಿಯ ಹೆಸರು, ತೆಗೆದ ತಾರೀಖು, ನೀರು ಹಾಕಬೇಕಾದ ತಾರೀಖು ಬರೆದು, ಕತ್ತಲಿರಲಿ ಎಂದು ಮಂಚದ ಕೆಳಗಿನ ಟ್ರಂಕಿನ ಪಕ್ಕ ಇಟ್ಟರು.

ಮೊದಲ ಸಲ ನೀರು ಹಾಕಿದಾಗ

ಫೆಬ್ರವರಿಯಲ್ಲಿ, ಬರೆದ ತಾರೀಖಿನಂದೇ, ಚೀಲವನ್ನು ಬಕೆಟ್ಟಿಗೆ ಸುರಿದು ಗೇಣುದ್ದ ನೀರು ಹಾಕಿದರು. ಸಂಜೆಯೊಳಗೆ ಮರಿಗಳು ಕಂಡವು. ಮನೆಯಲ್ಲಿ ಸಂಭ್ರಮ. ಮರುದಿನ ನೋಡಿದರೆ ಸುಮಾರು 20 ಮರಿಗಳಲ್ಲಿ ಈಜುತ್ತಿದ್ದದ್ದು ಐದು. ಉಳಿದವು ಬಕೆಟ್ಟಿನ ತಳದಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿದ್ದವು. ಮೇಲೇಳಲು ನೋಡುತ್ತವೆ, ಜಾರಿ ಮತ್ತೆ ಕೆಳಗೆ. ಹವ್ಯಾಸಿಗಳು ಇವನ್ನು ಬೆಲ್ಲಿ ಸ್ಲೈಡರ್ ಎನ್ನುತ್ತಾರೆ. ಗಾಳಿಚೀಲ ಉಬ್ಬದ ಮರಿಗಳು. ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಮರಿ ಮೇಲೆ ಬಂದು ಗಾಳಿ ಗುಟುಕರಿಸಬೇಕು. ಅದಾಗದಿದ್ದರೆ ಸರಿಹೋಗುವುದು ತೀರಾ ಅಪರೂಪ.

ಮೇಷ್ಟ್ರ ಮೊದಲ ಅನುಮಾನ ನೀರಿನ ಮೇಲೆ. ಆಮೇಲೆ ತಾಯಿ ಮೀನಿನ ಆಹಾರದ ಮೇಲೆ. ಎರಡೂ ಸುಮ್ನೆ ತಳ್ಳಿಹಾಕುವಂಥವಲ್ಲ, ಬರೀ ಒಣ ಕಾಳು ತಿಂದ ಹೆಣ್ಣಿನ ಮೊಟ್ಟೆ ಸೊರಗಿರುತ್ತದೆ. ಆದರೆ ಇವರು ಬ್ಲಡ್‌ವರ್ಮ್, ಟ್ಯೂಬಿಫೆಕ್ಸ್ ಎಂಬ ಹುಳುಗಳನ್ನು ಕೊಡುತ್ತಿದ್ದರು. ಹೆಣ್ಣುಗಳು ದುಂಡಗಿದ್ದವು. ನಾನು ಕೇಳಿದ್ದು ಬೇರೆ: "ಮೇಷ್ಟ್ರೇ, ಚೀಲ ಇಟ್ಟ ಜಾಗದ ಶಾಖ ಎಷ್ಟಿತ್ತು?" ಯಾರೂ ಅಳೆದಿರಲಿಲ್ಲ. ಮಗಳು ಅವತ್ತೇ ಮಂಚದ ಕೆಳಗೆ ಥರ್ಮಾಮೀಟರ್ ಇಟ್ಟಳು. ಬೆಳಿಗ್ಗೆ 20, ಮಧ್ಯಾಹ್ನ 22. ಡಿಸೆಂಬರ್, ಜನವರಿಯ ಮೊಸಾಯಿಕ್ ನೆಲ ಇನ್ನೂ ತಣ್ಣಗಿದ್ದಿರಬೇಕು.

ಒಡೆಯದೆ ಉಳಿದ ಮೊಟ್ಟೆಗಳನ್ನು ನೋಡಿ ಎಂದೆ. ಗಡಿಯಾರ ರಿಪೇರಿಯವರು ಬಳಸುವ ಲೆನ್ಸ್ ತಂದು, ಗಾಜಿನ ತಟ್ಟೆಯಲ್ಲಿ ಮೊಟ್ಟೆ ಇಟ್ಟು, ಕೆಳಗಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. ಕೆಲವು ಪೂರ್ತಿ ತಿಳಿ, ಒಳಗೇನೂ ಇಲ್ಲ. ಕೆಲವಕ್ಕೆ ಮಂಕಾದ ಕಪ್ಪು ಚುಕ್ಕೆಯಷ್ಟು ಕಣ್ಣು. ಕಣ್ಣಿನ ಸುತ್ತ ಚಿನ್ನದ ಉಂಗುರ ಬಂದದ್ದು ಎರಡೋ ಮೂರೋ. ಆ ಉಂಗುರ ಬಂದರೆ ಮರಿ ಸಿದ್ಧ. ಅಂದರೆ ಚೀಲದ ಬಹುಪಾಲು ಮೊಟ್ಟೆ ಇನ್ನೂ ಹಣ್ಣಾಗಿರಲಿಲ್ಲ. ಒಡೆದವುಗಳಲ್ಲೂ ಎಷ್ಟೋ ಅರೆಬಲಿತವು.

ಮೊಟ್ಟೆಯೊಳಗೆ ಆಗುವುದೇನು

ಇಲ್ಲಿ ಸ್ವಲ್ಪ ನಿಲ್ಲಬೇಕು, ಇದು ಗೊತ್ತಾಗದೆ ಮುಂದಿನದು ಅರ್ಥವಾಗುವುದಿಲ್ಲ.

ವಾರ್ಷಿಕ ಕಿಲ್ಲಿಯ ಮೊಟ್ಟೆ ಕೋಳಿಮೊಟ್ಟೆಯ ಹಾಗೆ ಇಷ್ಟು ದಿನಕ್ಕೆ ಮರಿ ಎಂದು ಲೆಕ್ಕ ಕೊಡುವುದಿಲ್ಲ. ದಾರಿಯಲ್ಲಿ ಮೂರು ಕಡೆ ಬೆಳವಣಿಗೆ ತಡೆದು ನಿಲ್ಲಬಲ್ಲದು. ಜಾನ್ ವೂರ್ಮ್ಸ್ ಎಂಬ ವಿಜ್ಞಾನಿ 1972ರಲ್ಲಿ ಈ ಮೂರು ತಂಗುಗಳನ್ನು ವಿವರವಾಗಿ ಬರೆದರು. ಮೊದಲನೆಯದು ದೇಹದ ಆಕಾರ ಮೂಡುವ ಮುಂಚೆ. ಕೆಸರಲ್ಲಿ ಗಾಳಿ ಕಡಿಮೆ ಇದ್ದರೆ, ತಣ್ಣಗಿದ್ದರೆ ಇಲ್ಲೇ ನಿಲ್ಲುತ್ತದೆ. ಎರಡನೆಯದು ಎಳೆಯಂಥ ದೇಹ ಮೂಡಿ, ಹೃದಯ, ಮೆದುಳಿನ ಮೊದಲ ರೂಪ ಬಂದ ಮೇಲೆ. ತಿಂಗಳುಗಟ್ಟಲೆ ಇಲ್ಲಿ ಕೂರಬಹುದು. ಮೂರನೆಯದು ಮರಿ ಪೂರ್ತಿ ತಯಾರಾಗಿ, ಮಳೆಗೆ ಕಾಯುವ ಹಂತ.

ಶಾಖ ಜಾಸ್ತಿಯಿದ್ದರೆ ಬಹಳಷ್ಟು ಮೊಟ್ಟೆಗಳು ಎರಡನೇ ತಂಗನ್ನು ಬಿಟ್ಟು ನೇರ ಮುಂದೆ ಹೋಗುತ್ತವೆ. ತಣ್ಣಗಿದ್ದರೆ ಹಿಂದೆ ಉಳಿಯುತ್ತವೆ. ಒಂದೇ ತಾಯಿಯ, ಒಂದೇ ದಿನದ ಮೊಟ್ಟೆಗಳೂ ಒಟ್ಟಿಗೆ ನಡೆಯುವುದಿಲ್ಲ. ಅಕಾಲದ ಒಂದು ಮಳೆಗೆ ಗುಂಡಿ ಅರ್ಧ ತುಂಬಿ ವಾರದಲ್ಲಿ ಒಣಗಿತು ಅಂದುಕೊಳ್ಳಿ. ಎಲ್ಲ ಮೊಟ್ಟೆ ಒಟ್ಟಿಗೆ ಒಡೆದಿದ್ದರೆ ಆ ಗುಂಡಿಯ ವಂಶವೇ ಮುಗಿಯುತ್ತಿತ್ತು. ಕೆಲವು ಮಲಗೇ ಇರುವುದರಿಂದ ಮೀನು ಉಳಿದಿದೆ. ಜಿಂಬಾಬ್ವೆಯ ಗೊನಾರೆಝೋದಿಂದ ಬಂದ ಇದರ ನೆಂಟ ನೋಥೋಬ್ರಾಂಕಿಯಸ್ ಫರ್ಜೆರಿಯನ್ನು ಮುಪ್ಪಿನ ಅಧ್ಯಯನಕ್ಕೆ ಪ್ರಯೋಗಾಲಯಗಳಲ್ಲಿ ಸಾಕುತ್ತಾರೆ. ಅದರ ಜೀನೋಮ್ 2015ರಲ್ಲೇ ಪ್ರಕಟವಾಯಿತು. ಅಲ್ಲಿಯವರೂ ಮೊಟ್ಟೆಯನ್ನು ಕಣ್ಣು ನೋಡಿಯೇ ನೀರಿಗೆ ಹಾಕುವುದು.

ಚೀಲದ ಮೇಲಿನ 12 ವಾರ ಸುಳ್ಳಲ್ಲ. ಅದು 23, 24 ಡಿಗ್ರಿಯ ಕೋಣೆಯ ಲೆಕ್ಕ. ಮಂಚದ ಕೆಳಗಿನ ಲೆಕ್ಕ ಬೇರೆ.

ಎಸೆಯುವ ಮುಂಚೆ

ಮೇಷ್ಟ್ರು ಬಕೆಟ್ಟಿನ ಕೋಕೋಪೀಟನ್ನು ದಾಸವಾಳದ ಕುಂಡಕ್ಕೆ ಹಾಕಲು ಹೊರಟಿದ್ದರು. ಒಮ್ಮೆ ನೆಂದ ಮೊಟ್ಟೆ ಮುಗಿಯಿತು ಎಂದು ಅವರ ಎಣಿಕೆ. ಮಗಳು ತಡೆದಳು. "ಅಪ್ಪಾ, ತಿಳಿ ಮೊಟ್ಟೆ ಇನ್ನೂ ಇದೆಯಲ್ಲ, ಬೂಸ್ಟು ಹಿಡಿದಿಲ್ಲ, ಯಾಕೆ ಎಸೀತೀರಿ?" ಇಡೀ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಎನಿಸುವ ಕ್ಷಣ ಇದು. ಅವಳು ಯಾವ ಪುಸ್ತಕವನ್ನೂ ಓದಿ ಹೇಳಿದ್ದಲ್ಲ. ತಟ್ಟೆಯಲ್ಲಿ ಕಂಡದ್ದನ್ನು ಹೇಳಿದಳು.

ಕೋಕೋಪೀಟನ್ನು ಮತ್ತೆ ಸೋಸಿ, ಹಿಂಡಿ, ಹೊಸ ಕವರಿಗೆ ಹಾಕಿದರು. ಈ ಸಲ ಮಂಚದ ಕೆಳಗೆ ಅಲ್ಲ, ಮೇಲಿನ ಕೋಣೆಯ ಬೀರುವಿನ ಮೇಲೆ. ತಾರಸಿಯ ಕೆಳಗಿನ ಕೋಣೆ, ಅಲ್ಲಿ ಬೆಚ್ಚಗೆ. ಏಳನೇ ವಾರ ಚಿನ್ನದ ಕಣ್ಣುಗಳು ಕಂಡವು. ಮತ್ತೆ ನೀರು ಹಾಕಿದಾಗ 14 ಮರಿ ಚೆನ್ನಾಗಿ ಈಜಿದವು. ಕುಂಡಕ್ಕೆ ಹೋಗಬೇಕಿದ್ದ ಮಣ್ಣಿನಿಂದ, ಮೊದಲ ಸಲಕ್ಕಿಂತ ಜಾಸ್ತಿ.

ಮೊದಲ ಸಲದ ತೆವಳುವ ಮರಿಗಳ ವಿಷಯ ಹೇಳದೆ ಬಿಡಲಾರೆ. ಅವು ಒಂದಷ್ಟು ದಿನ ತಿನ್ನುತ್ತವೆ, ಬದುಕುತ್ತವೆ, ಆದರೆ ಬಳುಕಿದ ಬೆನ್ನಿನೊಂದಿಗೆ ತಳದಲ್ಲೇ ಸವೆಯುತ್ತವೆ. ನಾಲ್ಕೈದು ದಿನ ಕಾದು, ಏಳಲಿಲ್ಲ ಎಂದಾದ ಮೇಲೆ ಲವಂಗದ ಎಣ್ಣೆ ಬೆರೆಸಿದ ನೀರಿಗೆ ಬಿಟ್ಟರು. ಮಂಪರು ಬಂದು, ಒದ್ದಾಡದೆ ಹೋಗುತ್ತವೆ. ಮಗಳಿಗೆ ಅತ್ತು ಸಾಕಾಯಿತು. ಈ ಕೆಲಸ ಯಾರಿಗೂ ಹಗುರವಲ್ಲ, ಹಗುರ ಆಗಲೂಬಾರದು. ಮೊಟ್ಟೆ ಹಣ್ಣಾಗುವ ಮುಂಚೆ ನೀರು ಹಾಕುವುದು ಬರೀ ಲೆಕ್ಕ ತಪ್ಪುವ ವಿಷಯವಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಏಪ್ರಿಲ್‌ನ ತೀರ್ಮಾನ

ಎರಡನೇ ಚೀಲ ಫೆಬ್ರವರಿ ಮಧ್ಯದ್ದು. ಇದನ್ನು ಮೊದಲಿಂದಲೇ ಬೀರುವಿನ ಮೇಲೆ ಇಟ್ಟರು. ಪಕ್ಕದಲ್ಲಿ ಥರ್ಮಾಮೀಟರ್. ಮಾರ್ಚ್ ಕಳೆಯುವಾಗ ಆ ಕೋಣೆ ಹಗಲು 30 ಡಿಗ್ರಿ, ರಾತ್ರಿ 27. ವಾರಕ್ಕೊಮ್ಮೆ ಮಗಳು ಒಂದು ಚಿಟಿಕೆ ಕೋಕೋಪೀಟ್ ತೆಗೆದು, ಸಿಕ್ಕ ಹತ್ತು ಮೊಟ್ಟೆ ನೋಡಿ, ತಿಳಿ ಎಷ್ಟು, ಕಪ್ಪು ಕಣ್ಣು ಎಷ್ಟು, ಚಿನ್ನದ ಕಣ್ಣು ಎಷ್ಟು ಎಂದು ಬರೆಯುತ್ತಿದ್ದಳು. ನಾಲ್ಕನೇ ವಾರ ಒಂದೂ ಚಿನ್ನದ ಕಣ್ಣಿಲ್ಲ. ಏಳನೇ ವಾರ ಹತ್ತರಲ್ಲಿ ಎಂಟು.

ಚೀಲದ ಮೇಲೆ ಹಳೆ ಅಭ್ಯಾಸದಂತೆ ಮೇ ತಿಂಗಳ ತಾರೀಖು ಇತ್ತು. ಇದಾದದ್ದು ಏಪ್ರಿಲ್ ಮೊದಲ ವಾರ. ಜೊತೆಗೆ ಮೇಷ್ಟ್ರಿಗೆ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಕೆಲಸ, ಮನೆಯಲ್ಲಿ ಇರುವಂತಿಲ್ಲ. ಕಾಯೋಣ ಎಂದು ಅವರಿಗೆ. ಈಗಲೇ ಹಾಕೋಣ ಎಂದು ಮಗಳಿಗೆ. ಕಾದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿದರು. ತಯಾರಾದ ಮರಿ ಮೂರನೇ ತಂಗಿನಲ್ಲಿ ಕಾಯಬಲ್ಲದು. ಆದರೆ ಬಿಸಿ ಕೋಣೆಯಲ್ಲಿ ಕಾದಷ್ಟೂ ತನ್ನೊಳಗಿನ ಬುತ್ತಿಯನ್ನೇ ಕರಗಿಸಿಕೊಳ್ಳುತ್ತದೆ. ತುಂಬಾ ತಡವಾದರೆ ಅದೂ ಸೊರಗಿ ತಳ ಹಿಡಿಯುತ್ತದೆ. ಬೇಗ ಹಾಕಿದರೂ ಸ್ಲೈಡರ್, ತಡ ಮಾಡಿದರೂ ಸ್ಲೈಡರ್. ಹೊಸಬರಿಗೆ ತಲೆ ಕೆಡುವುದು ಇಲ್ಲೇ, ಫಲ ಒಂದೇ ಥರ ಕಂಡರೂ ಕಾರಣ ಎದುರುಬದುರು.

ಅಪ್ಪ ಮಗಳು ಸೇರಿ ಚೆಂದದ ದಾರಿ ಹುಡುಕಿದರು. ಚೀಲವನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಆ ಭಾನುವಾರವೇ ನೀರು. ಇನ್ನೊಂದು ಪಾಲು ಕೆಳಗಿನ ತಣ್ಣನೆಯ ದೇವರ ಕೋಣೆಯ ನೆಲಕ್ಕೆ, ಮೌಲ್ಯಮಾಪನ ಮುಗಿಯುವವರೆಗೆ. ಫ್ರಿಜ್ಜಿಗೆ ಇಡುವ ಮಾತು ಬಂದಿತ್ತು, ಬೇಡ ಎಂದೆ. ಆಫ್ರಿಕಾದ ಬಿಸಿ ನೆಲದ ಮೊಟ್ಟೆಗೆ ಅಷ್ಟು ಚಳಿ ಬೇಡ.

ನೀರು ಹಾಕುವ ಕ್ರಮವೂ ಬದಲಾಯಿತು. ಬಕೆಟ್ ಬದಲು ಅಗಲವಾದ ಪ್ಲಾಸ್ಟಿಕ್ ಟ್ರೇ, ನೀರು ನಾಲ್ಕು ಬೆರಳಿಗಿಂತ ಮೇಲಿಲ್ಲ. ಎಳೆ ಮರಿಗೆ ಮೇಲ್ಮೈ ಹತ್ತಿರ ಇರಬೇಕು, ಗೇಣುದ್ದ ಏರುವ ಶಕ್ತಿ ಅದಕ್ಕಿಲ್ಲ. ಬೋರ್‌ವೆಲ್ ನೀರನ್ನು ರಾತ್ರಿಯೆಲ್ಲ ಮಣ್ಣಿನ ಮಡಕೆಯಲ್ಲಿಟ್ಟು ತಣ್ಣಗೆ ಮಾಡಿ ಬೆಳಿಗ್ಗೆ ಹೊತ್ತಿಗೆ ಹುಯ್ದರು. ಮೊದಲ ಮಳೆಯ ನೀರು ತಣ್ಣಗಿರುತ್ತದೆ, ಮೊಟ್ಟೆ ಒಡೆಯಲು ಆ ತಂಪು ನೆರವಾಗುತ್ತದೆ. ಮರಿಗಳ ಆಹಾರಕ್ಕೆ ಬ್ರೈನ್ ಶ್ರಿಂಪ್ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆಯನ್ನು ಹಿಂದಿನ ದಿನವೇ ಹಾಕಿದ್ದರು: ತಲೆಕೆಳಗು ಮಾಡಿದ ಬಾಟಲಿಯಲ್ಲಿ ಒಂದು ಲೀಟರ್ ನೀರು, 25 ಗ್ರಾಂ ಕಲ್ಲುಪ್ಪು, ಏರ್ ಪಂಪ್. ಏಪ್ರಿಲ್ ಶಾಖಕ್ಕೆ 24 ಗಂಟೆಯಲ್ಲಿ ಕಿತ್ತಳೆ ಬಣ್ಣದ ಮರಿಗಳು ತುಂಬಿದವು. ಗುಂತೇರಿ ಮರಿಯ ಬಾಯಿಗೆ ಮೊದಲ ದಿನವೇ ಅದು ಹಿಡಿಸುತ್ತದೆ.

ನಾಲ್ಕು ಗಂಟೆಯೊಳಗೆ ಟ್ರೇ ತುಂಬಾ ಮರಿ. 38 ಎಣಿಸಿದರು, ತಳ ಹಿಡಿದವು ಎರಡೇ. ಮೇಷ್ಟ್ರು ಫೋನ್ ಮಾಡಿ ಮಾತಾಡಲಿಲ್ಲ, ವಿಡಿಯೋ ಕಳಿಸಿದರು.

ದೇವರ ಕೋಣೆಯ ಪಾಲಿಗೆ ಮೂರು ವಾರ ಬಿಟ್ಟು ನೀರು ಬಿತ್ತು. ಅದೂ ಸುಮಾರಾಗಿ ಚೆನ್ನಾಗೇ ಬಂತು, ಸ್ಲೈಡರ್ ಸ್ವಲ್ಪ ಜಾಸ್ತಿ. ಅಂದರೆ ಕಣ್ಣು ಹಣ್ಣಾದ ಮೇಲೆ ತಂಪಿನಲ್ಲಿಟ್ಟರೆ ಒಂದಿಷ್ಟು ಬಿಡುವು ಸಿಗುತ್ತದೆ. ಅನುಕೂಲ ಆದಾಗ ನೋಡೋಣ ಎನ್ನುವಷ್ಟು ಅಲ್ಲ.

ಈ ಗೆಲುವಿನಲ್ಲಿ ಯಾವುದರ ಪಾಲು ಎಷ್ಟು? ನೀರಿನ ಆಳ, ನೀರಿನ ತಂಪು, ಮೊಟ್ಟೆಯ ಹದ, ಮೂರೂ ಒಟ್ಟಿಗೆ ಬದಲಾದವು. ಆದ್ದರಿಂದ ಬಿಡಿಸಿ ಹೇಳಲಾಗುವುದಿಲ್ಲ. ಆದರೂ ಹದದ ಕಡೆಗೆ ನನ್ನ ಒಲವು. ಮೊದಲ ಸಲ ಒಡೆಯದೆ ಉಳಿದ ಮೊಟ್ಟೆಗಳ ಸ್ಥಿತಿ ಲೆನ್ಸಿನಲ್ಲಿ ಕಣ್ಣಾರೆ ಕಂಡಿತ್ತು. ಒಂದೇ ಜಾತಿ, ಒಂದೇ ಕೋಕೋಪೀಟ್. ಒಂದು ಚೀಲ 12 ವಾರಕ್ಕೂ ಹಣ್ಣಾಗಲಿಲ್ಲ, ಇನ್ನೊಂದು ಏಳಕ್ಕೇ ಹಣ್ಣಾಯಿತು.

ಮಳೆಗಾಲದ ಪೆಟ್ಟು

ಮರಿಗಳು ಬೇಗ ಬೆಳೆದವು. ದಿನಕ್ಕೆ ಎರಡು ಮೂರು ಹೊತ್ತು ಊಟ, ಉಳಿದದ್ದು ಕೊಳೆಯದಂತೆ ದಿನವೂ ನೀರು ಬದಲು. ತಿಂಗಳು ಕಳೆಯುತ್ತಿದ್ದಂತೆ ಗಂಡುಗಳ ಬಾಲಕ್ಕೆ ಕೆಂಪು ಬಂತು. ಜೂನ್ ಮೋಡದ ದಿನಗಳಲ್ಲಿ ಕೆಲವು ಮೀನು ರೆಕ್ಕೆ ಮುಚ್ಚಿ ನಿಲ್ಲತೊಡಗಿದವು, ಕಲ್ಲಿಗೆ ಮೈ ಉಜ್ಜಿದವು. ಟಾರ್ಚ್ ಓರೆಯಾಗಿ ಹಿಡಿದಾಗ ಮೈಮೇಲೆ ಚಿನ್ನದ ಪುಡಿ. ಇದು ವೆಲ್ವೆಟ್ ರೋಗ, ನೋಥೋಗಳ ದೊಡ್ಡ ಶತ್ರು. ಒಂದು ದಿನ ತಡೆದರೂ ತೊಟ್ಟಿಯೇ ಹೋಗಬಹುದು.

ಇವರು ತಡೆಯಲಿಲ್ಲ. ನಾಲ್ಕು ಲೀಟರಿಗೆ ಒಂದು ಟೀ ಚಮಚ ಕಲ್ಲುಪ್ಪು, ಕರಗಿಸಿ, ಎರಡು ದಿನದಲ್ಲಿ ಹಂತ ಹಂತವಾಗಿ. ಲೈಟ್ ಆರಿಸಿ ತೊಟ್ಟಿಗೆ ಕಪ್ಪು ಬಟ್ಟೆ, ಯಾಕೆಂದರೆ ಈ ರೋಗದ ಜೀವಿ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ. ಆರು ಮರಿ ಹೋದವು, ಉಳಿದವು ಚೇತರಿಸಿಕೊಂಡವು. ಬದಲಿಸುವ ನೀರಿಗೆ ಸ್ವಲ್ಪ ಉಪ್ಪು ಹಾಕುವುದನ್ನು ಆಮೇಲೂ ಬಿಡಲಿಲ್ಲ.

ರೋಗ ಬಂದದ್ದು ಟ್ಯೂಬಿಫೆಕ್ಸ್ ಜೊತೆ ಇರಬಹುದು ಎಂದು ಅದನ್ನು ನಿಲ್ಲಿಸಿ, ತಾರಸಿಯ ಟಬ್ಬಿನಲ್ಲಿ ಮೊಯ್ನಾ ಎಂಬ ನೀರು ಚಿಗಟ ಬೆಳೆಸಿದರು. ಟಬ್ಬಿಗೆ ಸೊಳ್ಳೆ ಪರದೆ ಬಿಗಿದು. ಸೊಳ್ಳೆ ಮರಿ ಒಳ್ಳೆಯ ಆಹಾರ ನಿಜ, ಆದರೆ ಡೆಂಗಿಯ ಕಾಲದಲ್ಲಿ ಅದನ್ನು ಮನೆ ಮೇಲೆ ಬೆಳೆಸುವುದು ಅಕ್ಕಪಕ್ಕದವರಿಗೆ ಮಾಡುವ ದ್ರೋಹ.

ಬೇಡ ಎಂದ ಎರಡು ವಿಷಯ

ಮೀನು ಜಾಸ್ತಿಯಾದಾಗ ಎರಡು ಆಸೆ ಹುಟ್ಟಿದವು. ಒಂದು, ಮೊಜಾಂಬಿಕ್‌ನ ಬೈರಾ ಕಡೆಯ ನೋಥೋಬ್ರಾಂಕಿಯಸ್ ರಾಕೋವಿಯನ್ನು ಇದೇ ತೊಟ್ಟಿಗೆ ತರುವುದು. ಗಂಡು ರಾಕೋವಿ ಅಷ್ಟು ಚೆಂದದ ಮೀನು, ಆಸೆ ಸಹಜ. ಆದರೆ ಈ ಜಾತಿಗಳ ಹೆಣ್ಣುಗಳನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ಬೆರೆತರೆ ಎರಡೂ ತಳಿ ಕೆಡುತ್ತವೆ. ರಾಕೋವಿಯ ಮೊಟ್ಟೆ ಐದಾರು ತಿಂಗಳೂ ತೆಗೆದುಕೊಳ್ಳುತ್ತದೆ, ಚೀಲ ಅದಲುಬದಲಾದರೆ ಕಥೆ ಮುಗಿಯಿತು. ಬೇರೆ ತೊಟ್ಟಿಗೆ ಜಾಗ ಆಗುವವರೆಗೆ ಬೇಡ ಎಂದು ಬಿಟ್ಟರು.

ಇನ್ನೊಂದು, ಮಿಕ್ಕ ಮೀನುಗಳನ್ನು ಊರಿನ ಕೆರೆಗೆ ಬಿಡುವ ಸಲಹೆ. ನೆಂಟರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೇಷ್ಟ್ರು ಖಡಾಖಂಡಿತ ಬೇಡ ಎಂದರು. ನಮ್ಮ ನೀರಿಗೆ ಹೊರಗಿನ ಮೀನು ಬಿಟ್ಟು ಆದದ್ದು ಸಾಕು. ಮಿಕ್ಕವನ್ನು ಸಾಕುವವರಿಗೆ ಹಂಚಿದರು.

ಈಗ

ಆ ಮನೆಯಲ್ಲಿ ಮೂರನೇ ತಲೆಮಾರು ನಡೆಯುತ್ತಿದೆ. ಚೀಲದ ಮೇಲೆ ನೀರು ಹಾಕುವ ತಾರೀಖು ಬರೆಯುವುದನ್ನು ನಿಲ್ಲಿಸಿದ್ದಾರೆ. ಬದಲಿಗೆ ಜಾತಿ ಮತ್ತು ಮೂಲ, ಮೊಟ್ಟೆ ತೆಗೆದ ದಿನ, ಇಟ್ಟ ಜಾಗದ ಶಾಖ, ಕೊನೆಯ ಸಲ ನೋಡಿದಾಗ ಹತ್ತರಲ್ಲಿ ಚಿನ್ನದ ಕಣ್ಣು ಎಷ್ಟು, ಇಷ್ಟು ಬರೆಯುತ್ತಾರೆ. ಅಂಚೆಯಲ್ಲಿ ಮೊಟ್ಟೆ ಕಳಿಸುವಾಗಲೂ ಹಾಗೇ. ಇದು ಎಲ್ಲ ಸಾಕುವವರೂ ಮಾಡಬೇಕಾದ ಕೆಲಸ. ಬರೀ "12 ವಾರ" ಎಂದು ಬರೆದ ಚೀಲ ಕಲಬುರಗಿಯ ಮೇ ತಿಂಗಳಿಗೆ ಹೋದರೆ ಒಂದು ಥರ, ಮಡಿಕೇರಿಯ ಜನವರಿಗೆ ಹೋದರೆ ಇನ್ನೊಂದು ಥರ.

ಒಮ್ಮೆ ನೀರು ಹಾಕಿದ ಕೋಕೋಪೀಟನ್ನು ಸೋಸಿ ಹಿಂಡಿ ಮತ್ತೆ ಎತ್ತಿಡುವುದು ಈಗ ಅಲ್ಲಿ ರೂಢಿ. ತಿಳಿ ಮೊಟ್ಟೆ ಒಂದೂ ಇಲ್ಲ ಎಂದಾದ ಮೇಲಷ್ಟೇ ದಾಸವಾಳದ ಪಾಲು.

ಬಗೆಹರಿಯದ್ದು ಒಂದಿದೆ. ಕಳೆದ ಎರಡು ಚೀಲದ ಮರಿಗಳಲ್ಲಿ ಗಂಡೇ ಜಾಸ್ತಿ, ಹೆಣ್ಣು ಕೈಬೆರಳೆಣಿಕೆ. ಒಂದು ಗಂಡಿಗೆ ಎರಡು ಮೂರು ಹೆಣ್ಣಾದರೂ ಇಲ್ಲದಿದ್ದರೆ ಹೆಣ್ಣುಗಳು ಅಟ್ಟಾಡಿಸಿಕೊಂಡು ಬಳಲುತ್ತವೆ. ಕಿಲ್ಲಿ ಸಾಕುವವರಲ್ಲಿ ಹೀಗಾಗುವುದು ಉಂಟು. ಎರಡೇ ಗಂಡಿನಿಂದ ಬಂದ ತಳಿ ಎನ್ನುವ ಚಿಂತೆಯೂ ಮೇಷ್ಟ್ರಿಗಿದೆ. ಇದೇ ಮೂಲದ ಗುಂತೇರಿ ಇಟ್ಟುಕೊಂಡಿರುವ ಇನ್ನೊಬ್ಬರ ಜೊತೆ ಮೊಟ್ಟೆ ಬದಲಿಸಿಕೊಳ್ಳಲು ಮಾತಾಗಿದೆ. ಅವರ ಚೀಲ ಬಂದಿದೆ, ಬೀರುವಿನ ಮೇಲಿದೆ. ಈ ವಾರ ಮಗಳು ನೋಡಿದಾಗ ಹತ್ತರಲ್ಲಿ ಮೂರಕ್ಕೆ ಚಿನ್ನದ ಕಣ್ಣು ಬಂದಿತ್ತು. ಇನ್ನೆರಡು ವಾರ ಬಿಟ್ಟು ಮತ್ತೆ ನೋಡುತ್ತಾಳಂತೆ.